ಬ್ರೈನ ಓದು ನಿಲ್ಲಿಸಿದ ದಿನ

ಮಾರ್ಚ್ ಬಂದರೂ ಮಾಂಟ್ರಿಯಲ್ ಬೀದಿಗಳಲ್ಲಿ ಹಿಮ ಕರಗಿರಲಿಲ್ಲ. ಕೋಪಲ್‌ನ ಕೋಟಿನ ಕಾರ್ಖಾನೆಯಲ್ಲಿ ಮುಷ್ಕರ ಆರನೆಯ ವಾರಕ್ಕೆ ಕಾಲಿಟ್ಟಿತ್ತು. ಬಾಗಿಲ ಮುಂದೆ ಮೊದಲು ನಲವತ್ತು ಜನ ನಿಲ್ಲುತ್ತಿದ್ದರು, ಈಗ ಹನ್ನೊಂದು. ಉಳಿದವರು ಒಬ್ಬೊಬ್ಬರಾಗಿ ಹಿಂಬಾಗಿಲಿನಿಂದ ಒಳಗೆ ಹೋಗಿ ತಲೆ ತಗ್ಗಿಸಿ ಹೊಲಿಯುತ್ತಿದ್ದರು.

ಮುಷ್ಕರಕ್ಕೆ ಮುಂದಾಳಾಗಿದ್ದ ಗೆತ್ಸಲ್ ಮನೆಯಲ್ಲಿ ಬಿದ್ದಿದ್ದ. ಬಾಡಿಗೆಗೆ ತಂದ ಕಾವಲುಗಾರನೊಬ್ಬ ದೊಣ್ಣೆಯಿಂದ ಹೊಡೆದು ಅವನ ಬಲಗೈ ಮಣಿಕಟ್ಟು ಮುರಿದಿದ್ದ. ಗೆತ್ಸಲ್ ಇಸ್ತ್ರಿ ಹಾಕುವವನು. ಹನ್ನೆರಡು ಪೌಂಡಿನ ಪೆಟ್ಟಿಗೆ ಎತ್ತುವ ಕೈಯದು.

ಧಣಿಯೂ ಕೂಲಿಯವರೂ ಒಂದೇ ಊರಿನವರು. ರಷ್ಯಾದ ಝಬ್ರೋವ್ಕದಿಂದ ಹಡಗು ಹತ್ತಿ ಬಂದ ಯಹೂದಿ ಕುಟುಂಬಗಳು. ಕೋಪಲ್ ವಾರದ ಪವಿತ್ರ ವಿಶ್ರಾಂತಿಯಾದ ಸಬ್ಬತ್ ದಿನ ಯಂತ್ರ ಮುಟ್ಟಿಸುತ್ತಿರಲಿಲ್ಲ. ಶನಿವಾರ ಬಾಗಿಲು ಹಾಕುವ ಧಣಿ ಇನ್ನೆಲ್ಲಿ ಸಿಗುತ್ತಾನೆಂದು ಎಲ್ಲರೂ ಹಲ್ಲು ಕಚ್ಚಿಕೊಂಡು ದುಡಿದಿದ್ದರು. ಚಳಿಗಾಲದಲ್ಲಿ ಅವನು ಕೂಲಿ ಇಳಿಸಿ ದಿನಕ್ಕೆ ಎರಡು ತಾಸು ಹೆಚ್ಚಿಸಿದಾಗ ಮಾತ್ರ ತಡೆಯಲಾಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಹಿಟ್ಟು ನಾದುತ್ತ ಬ್ರೈನ ಗಂಡನಿಗೆ ಹೇಳಿದಳು, "ನಾಳೆ ಮಂದಿರದಲ್ಲಿ ನಾನು ಓದು ನಿಲ್ಲಿಸ್ತೀನಿ."

ಗೆತ್ಸಲ್ ನಕ್ಕ. "ಯಾವ ಕಾಲದಲ್ಲಿದ್ದೀಯೇ ಮಾರಾಯ್ತಿ?"

"ನಮ್ಮಜ್ಜಿ ನಿಲ್ಲಿಸಿರಲಿಲ್ವಾ?"

ನಿಲ್ಲಿಸಿದ್ದು ನಿಜ. ನ್ಯಾಯ ಸಿಗದವರು ಸಬ್ಬತ್ ದಿನ ಧರ್ಮಗ್ರಂಥವಾದ ತೋರಾದ ಓದನ್ನು ತಡೆದು ನಿಲ್ಲಬಹುದು, ಅವರ ಗೋಳು ಕೇಳುವವರೆಗೆ ಸುರುಳಿ ಬಿಚ್ಚುವಂತಿಲ್ಲ ಎಂಬುದು ಹಳೆಯ ಪದ್ಧತಿ. ಯಾವನೋ ಸಾಹುಕಾರನ ಮಗನ ಬದಲು ಅಜ್ಜಿಯ ಒಬ್ಬನೇ ಮಗನ ಹೆಸರನ್ನು ಊರ ಹಿರಿಯರು ರಷ್ಯಾದ ದೊರೆ ಝಾರನ ಸೈನ್ಯದ ಪಟ್ಟಿಗೆ ಸೇರಿಸಿದ್ದರು. ಅಜ್ಜಿ ಸಂಜೆವರೆಗೂ ಕದಲಲಿಲ್ಲ. ಕೊನೆಗೆ ಹಿರಿಯರೇ ಸೋತು, ಸಬ್ಬತ್ ಮುಗಿಯುತ್ತಲೇ ಹೆಸರು ಹೊಡೆದುಹಾಕಿದ್ದರು.

"ಮಾಡು ಹಾಗಾದ್ರೆ," ಎಂದು ಗೆತ್ಸಲ್ ಗೋಡೆ ಕಡೆ ಹೊರಳಿದ. "ನಾನಂತೂ ಬರಲ್ಲ."

ಮರುದಿನ ಬ್ರೈನ ತನ್ನ ಮಗಳು ಫ್ರಾಡಲ್ ಜೊತೆ ಮಂದಿರದ ಮೇಲಿನ ಹೆಂಗಸರ ಅಟ್ಟದಲ್ಲಿ ಕುಳಿತಳು. ಫ್ರಾಡಲ್‌ಗೆ ಹದಿನೇಳು, ಅವಳೂ ಅದೇ ಕಾರ್ಖಾನೆಯಲ್ಲಿ ಗುಂಡಿಗೆ ಕಾಜಾ ಹೊಲಿಯುತ್ತಿದ್ದವಳು. ಕೆಳಗೆ ಮೊದಲ ಸಾಲಿನಲ್ಲಿ ಮಂದಿರದ ಅಧ್ಯಕ್ಷ ಕೋಪಲ್ ಪ್ರಾರ್ಥನೆಯ ಶಾಲು ಹೊದ್ದು ನಿಂತಿದ್ದ. ತೋರಾ ಸುರುಳಿ ತರಲು ಬೀರುವಿನ ಪರದೆ ಸರಿಸುವಾಗ ಬ್ರೈನ ಎದ್ದಳು.

"ಎಲ್ಲಿಗೇ? ಗಂಡಸರ ಮಧ್ಯೆ ಹೋಗ್ತೀಯಾ? ನಿನಗೇನು ಹುಚ್ಚಾ?" ಎಂದು ಪಕ್ಕದ ಸೋಸ್ಯ ಸೆರಗೆಳೆದಂತೆ ಅವಳ ಶಾಲು ಹಿಡಿದೆಳೆದಳು.

"ಬಿಡಕ್ಕ."

ಮೆಟ್ಟಿಲಿಳಿದು ಗಂಡಸರ ನಡುವೆ ನುಗ್ಗಿ ಓದುವ ಮೇಜಿನ ಮೇಲೆ ಕೈ ಅಪ್ಪಳಿಸಿದಳು.

"ಓದು ನಿಲ್ಸಿ! ನನ್ನ ಗಂಡನ ಕೈ ಮುರಿದಿದೆ. ಇಲ್ಲಿರೋ ಅರ್ಧ ಜನರ ಮನೇಲಿ ಒಲೆ ಉರೀತಿಲ್ಲ. ಮಾಡಿದೋನು ಅಲ್ಲಿ ಮುಂದಿನ ಸಾಲಲ್ಲಿ ನಿಂತಿದಾನೆ. ಉತ್ತರ ಹೇಳಲಿ, ಆಮೇಲೆ ಓದಿ."

ಮಂದಿರದ ಮುದಿ ಗುರು ರೆಬ್ಬೆ ಸುರುಳಿಯ ಬೀರುವಿನ ಬಾಗಿಲು ಮೆಲ್ಲನೆ ಮುಚ್ಚಿದರು. "ಹಕ್ಕಿದೆ ಅವಳಿಗೆ. ಹೇಳು ಕೋಪಲ್."

ಕೋಪಲ್ ಕೂಗಾಡುತ್ತಾನೆ, ಹಲ್ಕಾ ಹೆಂಗಸು ಅನ್ನುತ್ತಾನೆ ಎಂದೇ ಬ್ರೈನ ಎಣಿಸಿದ್ದಳು. ಅದಕ್ಕೆ ತಕ್ಕ ಮಾತುಗಳನ್ನು ನಾಲಗೆ ತುದಿಯಲ್ಲಿಟ್ಟುಕೊಂಡೇ ಬಂದಿದ್ದಳು. ಅವನು ಹತ್ತಿರ ಬಂದ. ಮುಖ ಬಿಳಿಚಿಕೊಂಡಿತ್ತು.

"ನೀನು ಹೇಳಿದ್ದೆಲ್ಲ ನಿಜ ತಾಯಿ," ಎಂದ. "ಆದ್ರೆ ಆ ದೊಣ್ಣೆಯೋನನ್ನ ನಾನು ಕರೆಸಲಿಲ್ಲ. ಬಟ್ಟೆ ಕತ್ತರಿಸಿ ನಮಗೆ ಹೊಲಿಯೋಕೆ ಕೊಡೋ ದೊಡ್ಡ ಕಂಪನಿ ಕಳಿಸ್ತು. ರೇಟು ಇಳಿಸಿದ್ದೂ ಅವರೇ. ನಾನು ಒಲ್ಲೆ ಅಂದ್ರೆ ನಾಳೆಯಿಂದ ನಂಗೆ ಬಟ್ಟೇನೇ ಬರಲ್ಲ. ಆಗ ಇವರಿಗೆ ಕೂಲಿನೂ ಇಲ್ಲ, ಕಾರ್ಖಾನೆನೂ ಇಲ್ಲ. ನಾನೇನು ಮಾಡ್ಲಿ, ನೀನೇ ಹೇಳು."

"ಅವರ ಹತ್ರ ಹೋಗಿ ಕೇಳು."

"ಹೋಗಿದ್ದೆ. ಎರಡು ಸಲ. ಗುಮಾಸ್ತ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ."

ಬ್ರೈನ ರೆಬ್ಬೆಯ ಕಡೆ ನೋಡಿದಳು. "ಆ ಕಂಪನಿಯೋರನ್ನ ಕರೆಸಿ."

"ಹೇಗೆ ಕರೆಸ್ಲಿ ಮಗಳೇ?" ಎಂದರು ರೆಬ್ಬೆ. "ನಾನು ಕರೆದರೆ ಬರೋರಲ್ಲ ಅವರು. ಈ ಮಂದಿರ ಯಾವ ಬೀದೀಲಿದೆ ಅಂತಾನೂ ಅವರಿಗೆ ಗೊತ್ತಿಲ್ಲ."

ಆದರೂ ಅವಳು ಕೈ ತೆಗೆಯಲಿಲ್ಲ. ಗಂಟೆ ಹನ್ನೊಂದಾಯಿತು, ಹನ್ನೆರಡಾಯಿತು. ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುದುಕನೊಬ್ಬ ಬೆಂಚಿನ ಮೇಲೆ ಕುಸಿದು ಕುಳಿತ. ಅಟ್ಟದಲ್ಲಿ ಕೂಸೊಂದು ಅಳತೊಡಗಿತು. ಮುಷ್ಕರ ಬಿಟ್ಟು ಕೆಲಸಕ್ಕೆ ಮರಳಿದ್ದ ಯೋಸಲ್ ಅವಳ ಪಕ್ಕ ಬಂದು, ನೆಲ ನೋಡುತ್ತ, "ಓದೋಕೆ ಬಿಡಕ್ಕ. ಎಲ್ಲರಿಗೂ ಗೊತ್ತು, ನಿನ್ನ ಮಾತು ಸರಿ," ಎಂದ.

"ಸರಿ ಆದ್ರೆ ನೀನ್ಯಾಕೋ ಒಳಗೆ ಹೋದೆ?"

ಯೋಸಲ್ ಹಿಂದೆ ಸರಿದು ತನ್ನ ಬೆಂಚಿಗೆ ಹೋದ. ಬ್ರೈನ ಇನ್ನೂ ಸ್ವಲ್ಪ ಹೊತ್ತು ನಿಂತಳು. ಆಮೇಲೆ ತಾನೇ ಕೈ ತೆಗೆದು ಮೆಟ್ಟಿಲು ಹತ್ತಿದಳು. ಹಿಂದೆ ಓದು ಶುರುವಾಯಿತು, ಎಂದಿಗಿಂತ ಸ್ವಲ್ಪ ಅವಸರವಾಗಿ.

ಸೋಮವಾರ ಮುಷ್ಕರ ಮುರಿಯಿತು. ಎಲ್ಲರನ್ನೂ ಇಳಿಸಿದ ಕೂಲಿಗೇ ಸೇರಿಸಿಕೊಂಡರು, ಗೆತ್ಸಲ್ ಒಬ್ಬನನ್ನು ಬಿಟ್ಟು. ಅವನ ಹೆಸರು ಬೇಡವೆಂದು ಕಂಪನಿಯಿಂದ ಚೀಟಿ ಬಂದಿತ್ತಂತೆ. ಫ್ರಾಡಲ್ ಮರುಮಾತಾಡದೆ ಕರಿರೊಟ್ಟಿ, ಉಪ್ಪುಮೀನು ಕಟ್ಟಿಕೊಂಡು ಅದೇ ಯಂತ್ರದ ಮುಂದೆ ಹೋಗಿ ಕುಳಿತಳು. ಗೆತ್ಸಲ್‌ನ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತು. ನೀರು ತುಂಬಿದ ಕೆಟಲ್ ಎತ್ತಲೂ ಅವನಿಗೆ ಎಡಗೈ ಬೇಕಾಯಿತು.

ನವೆಂಬರಿನಲ್ಲಿ ಕಂಪನಿ ಬಟ್ಟೆಯನ್ನು ಹಳ್ಳಿಗಳ ಫ್ರೆಂಚ್ ಹೆಂಗಸರಿಗೆ ಇನ್ನೂ ಅಗ್ಗಕ್ಕೆ ಹಂಚತೊಡಗಿತು. ಕೋಪಲ್ ಕಾರ್ಖಾನೆಗೆ ಬೀಗ ಹಾಕಿದ. ಒಂದು ಮಧ್ಯಾಹ್ನ ಅವನು ಹೊರಗಿನ ಕಬ್ಬಿಣದ ಮೆಟ್ಟಿಲು ಹತ್ತಿ ಬಂದು ಬ್ರೈನಳ ಅಡುಗೆಮನೆ ಬಾಗಿಲು ತಟ್ಟಿದ. ಗೆತ್ಸಲ್‌ನ ಎದುರು ಕೂತು ಬಹಳ ಹೊತ್ತು ಟೋಪಿ ತಿರುಗಿಸುತ್ತಿದ್ದ.

"ಬೇರೆ ಕಡೆ ಯಂತ್ರದ ಕೆಲಸ ಕೇಳಿದೆ ಗೆತ್ಸಲ್. ಕಾರ್ಮಿಕರ ಸಂಘದ ಕಾರ್ಡು ಬೇಕಂತೆ. ನೀನೊಂದು ಮಾತು ಹೇಳಿದ್ರೆ..."

"ನನ್ನ ಮಾತು ಯಾರು ಕೇಳ್ತಾರೆ ಕೋಪಲಣ್ಣ? ಸಭೆಗೆ ಹೋಗೋದನ್ನ ನಾನೇ ಯಾವತ್ತೋ ಬಿಟ್ಟೆ."

ಬ್ರೈನ ಎಂಟು ತಿಂಗಳಿಂದ ಈ ಮನುಷ್ಯನಿಗೆ ಹಾಕಲೆಂದು ಶಾಪಗಳನ್ನು ಕೂಡಿಟ್ಟಿದ್ದಳು. ಒಂದೂ ಬಾಯಿಗೆ ಬರಲಿಲ್ಲ. ಲೋಟಕ್ಕೆ ಚಹಾ ಬಗ್ಗಿಸಿ ಅವನ ಮುಂದಿಟ್ಟಳು. ಕುಡಿದು ಅವನು ಎದ್ದ. ಹೊರಗೆ ತುಂತುರು ಹಿಮ ಬೀಳುತ್ತಿತ್ತು.

"ಹುಷಾರು, ಮೆಟ್ಟಿಲು ಜಾರುತ್ತೆ," ಎಂದುಬಿಟ್ಟಳು. ಅಂದ ಮೇಲೆ ತನ್ನ ಮೇಲೆಯೇ ಅವಳಿಗೆ ಉರಿದುಹೋಯಿತು. ಅವನು ಕೆಳಗಿಳಿಯುವವರೆಗೂ ಬಾಗಿಲು ಹಿಡಿದುಕೊಂಡು ನಿಂತೇ ಇದ್ದಳು.