ಹುಸೇನ್‌ಬೀ ಹೆಸರಿನ ನಡುವಿನ ಅಕ್ಷರ

ಕುಷ್ಟಗಿ ಬಸ್‌ಸ್ಟ್ಯಾಂಡಿನ ಎದುರಿಗೆ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿಗಳು ಐದಿವೆ. ನಾಲ್ಕರಲ್ಲಿ ಕಣ್ಣಿದ್ದವರು ಕೂತಿದ್ದಾರೆ, ಒಂದರಲ್ಲಿ ನಾನು. ಜನ ನನ್ನ ಹತ್ತಿರವೇ ಹೆಚ್ಚು ಬರುತ್ತಾರೆ. ಅದಕ್ಕೆ ಕಾರಣ ನನ್ನ ಒಳ್ಳೆಯತನವಲ್ಲ, ನನ್ನ ಬಾಯಿ. "ಮರಿಸ್ವಾಮಿಗೆ ಕಣ್ಣು ಕಾಣಂಗಿಲ್ಲ, ಆದ್ರ ಒಂದಕ್ಷರ ತಪ್ಪು ಮಾಡಂಗಿಲ್ಲ" ಎಂಬ ಮಾತನ್ನು ಊರಲ್ಲೆಲ್ಲ ಹಬ್ಬಿಸಿದವನು ನಾನೇ. ನಾನು ಒತ್ತಿದ ಪ್ರತಿಯೊಂದು ಅಕ್ಷರವನ್ನೂ ಸ್ಕ್ರೀನ್ ರೀಡರ್ ಕಿವಿಯಲ್ಲಿ ಹೇಳುತ್ತದೆ, ಹಾಗಾಗಿ ತಪ್ಪಿಗೆ ಜಾಗವೇ ಇಲ್ಲ ಎಂದು ಹತ್ತು ವರ್ಷ ಹೇಳಿಕೊಂಡು ಬಂದೆ. ಕೇಳಿದವರು ನಂಬಿದರು. ಕೊನೆಗೆ ನಾನೂ ನಂಬಿಬಿಟ್ಟೆ.

ಹುಸೇನ್‌ಬೀ ಹನುಮಸಾಗರದವಳು, ಹೊಲದ ಕೂಲಿಗೆ ಹೋಗುವವಳು. ಅವಳ ಓಣಿಯ ಅಂಗನವಾಡಿಯಲ್ಲಿ ಸಹಾಯಕಿಯ ಕೆಲಸ ಖಾಲಿಯಾಗಿತ್ತು. ಮೂವತ್ತೈದು ದಾಟಿದವರು ಅರ್ಜಿ ಹಾಕುವಂತಿಲ್ಲ, ಅವಳಿಗೆ ಮುಂದಿನ ತಿಂಗಳೇ ದಾಟುತ್ತದೆ. ಈ ಸಲ ತಪ್ಪಿದರೆ ಆ ಕೆಲಸ ಅವಳ ಪಾಲಿಗೆ ಮುಗಿದಂತೆಯೇ.

ಅವಳ ವಾಸಸ್ಥಳ ಪ್ರಮಾಣಪತ್ರದ ನಂಬರು ಹಾಕಿದೆ, ಹೆಸರು ಟೈಪ್ ಮಾಡಿದೆ. "ಹೆಸರು ಪ್ರಮಾಣಪತ್ರದೊಂದಿಗೆ ಹೊಂದುತ್ತಿಲ್ಲ" ಎಂದಿತು ಕಂಪ್ಯೂಟರು. ಮತ್ತೆ ಮಾಡಿದೆ, ಮತ್ತೆ ಅದೇ ಮಾತು. ಪಕ್ಕದ ಅಂಗಡಿಯ ಸುಕನ್ಯಾಳನ್ನು ಕರೆದೆ. ಅವಳು ಪ್ರಮಾಣಪತ್ರವನ್ನು ಪರದೆಯ ಪಕ್ಕಕ್ಕೇ ಹಿಡಿದು ನೋಡಿದಳು.

"ಎರಡೂ ಒಂದಽ ಅದಾವ್ರಿ ಅಣ್ಣಾರ. ಒಂದು ಗೆರಿನೂ ಹೆಚ್ಚುಕಡಿಮಿ ಇಲ್ಲ."

ಇಷ್ಟು ಸಾಕಾಯಿತು ನನಗೆ. "ಕೇಳಿದೇನವಾ? ನಂದೇನೂ ತಪ್ಪಿಲ್ಲ. ಪ್ರಮಾಣಪತ್ರ ಕೊಟ್ಟವರ ಕಡಿಯಿಂದನಽ ಏನೋ ಗದ್ದಲಾಗೈತಿ. ಕೊಪ್ಪಳದ ಆಫೀಸಿಗೆ ಹೋಗಿ ಕೇಳು" ಎಂದೆ. ಅವಳು ಕೂಲಿ ಬಿಟ್ಟು ಹೋಗಿ ಬಂದಳು. ಹೆಸರು ಸರಿಯಾಗಿದೆ ಎಂದು ಅಲ್ಲಿಯವರು ಹೇಳಿ ಕಳಿಸಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಒಂದು ಪುಟದ ಪತ್ರ ಬರೆದು ಮತ್ತೆ ಕಳಿಸಿದೆ. "ಕಣ್ಣಿದ್ದವರು ಸ್ವಲ್ಪ ಕಣ್ಣು ತೆರೆದು ನೋಡಬೇಕಾಗಿ ವಿನಂತಿ" ಎಂದು ಅದರ ಕೊನೆಯ ಸಾಲು. ಆ ಸಾಲನ್ನು ಸ್ಕ್ರೀನ್ ರೀಡರಿನಿಂದ ನಾಲ್ಕು ಸಲ ಓದಿಸಿ ಕೇಳಿ ಖುಷಿಪಟ್ಟಿದ್ದೆ.

ಸಂಜೆ ಹುಸೇನ್‌ಬೀ ಬಂದು ವರದಿ ಒಪ್ಪಿಸಿದಳು: "ಕಾಗದ ಭಾಳ ಛಲೋ ಬರದಾರ ಅಂತ ಅಲ್ಲಿ ಸಾಹೇಬ್ರು ಅಂದ್ರರಿ. ಹೆಸರು ಮಾತ್ರ ಸರಿನಽ ಐತಂತ್ರಿ."

ಕೊನೆಯ ದಿನ ಬಂತು. ಐದು ಗಂಟೆಗೆ ಅರ್ಜಿ ಬಂದ್. ಎರಡು ಗಂಟೆಗೇ ಬಂದು ಬೆಂಚಿನ ಮೇಲೆ ಕೂತ ಹುಸೇನ್‌ಬೀ ಮತ್ತೆ ಮತ್ತೆ ಗಂಟೆ ಎಷ್ಟಾಯಿತೆಂದು ಕೇಳಿದಳು. ಆಮೇಲೆ ಮೆಲ್ಲಗೆ, "ಇವತ್ತ ಆಗಲಿಲ್ಲಂದ್ರ ಬಿಟ್ಟುಬಿಡ್ರಿ ಅಣ್ಣಾರ. ನನ್ನ ನಸೀಬನಽ ಹಂಗೈತಿ ಅಂತ ತಿಳ್ಕೋತೀನಿ" ಎಂದಳು.

ಆ ಮಾತು ನನಗೆ ಚುಚ್ಚಿತು. ಆದರೂ ನಾನು ಮಾಡಿದ್ದೇನು? ನಾನು ಸರಿ ಎಂದು ಇನ್ನೊಮ್ಮೆ ತೋರಿಸಲು ಹೊರಟೆ. ಎರಡು ವರ್ಷದ ಹಿಂದೆ ಆ ಪ್ರಮಾಣಪತ್ರಕ್ಕೆ ಅರ್ಜಿ ತುಂಬಿದವನು ನಾನೇ, ಆ ಅರ್ಜಿಯ ಪ್ರತಿ ನನ್ನ ಕಂಪ್ಯೂಟರಿನಲ್ಲಿತ್ತು. ತೆರೆದು, ಹೆಸರಿನ ಮೇಲೆ ಬಾಣದ ಕೀಲಿ ಒತ್ತುತ್ತ ಒಂದೊಂದೇ ಅಕ್ಷರ ಕೇಳಿದೆ. ಹು. ಸೇ. ನ್. ಆಮೇಲೆ ಸದ್ದಿಲ್ಲ. ಮತ್ತೆ ಒತ್ತಿದೆ, ಮತ್ತೆ ಸದ್ದಿಲ್ಲ. ಮೂರನೆಯ ಸಲಕ್ಕೆ, ಬೀ.

ಇಲ್ಲಿ ಒಂದು ಮಾತು ಹೇಳಬೇಕು. ಹುಸೇನ್ ಆದಮೇಲೆ ಸುಮ್ಮನೆ ಬೀ ಒತ್ತಿದರೆ ಕಂಪ್ಯೂಟರು ಬಕಾರವನ್ನು ನಕಾರದ ಕೆಳಗೆ ಒತ್ತಕ್ಷರ ಮಾಡಿ ಕೂರಿಸುತ್ತದೆ. ಹಾಗಾಗದಂತೆ ನಡುವೆ ಒಂದು ವಿಶೇಷ ಅಕ್ಷರ ಹಾಕಬೇಕು. ಅದು ಕಾಣುವುದಿಲ್ಲ, ಜಾಗ ಹಿಡಿಯುವುದಿಲ್ಲ. ಎರಡು ಅಕ್ಷರಗಳ ನಡುವೆ ನಿಂತು, ಒಬ್ಬರ ಕಾಲಿಗೊಬ್ಬರು ಬೀಳಬೇಡಿ ಎನ್ನುವುದಷ್ಟೇ ಅದರ ಕೆಲಸ. ಅದನ್ನು ಒತ್ತಿದಾಗ ನನ್ನ ಸ್ಕ್ರೀನ್ ರೀಡರ್ ತುಟಿಪಿಟಕ್ಕೆನ್ನುವುದಿಲ್ಲ. ನಾನೋ, ಕೀಲಿ ಹಾಕಿದ ಮೇಲೂ ಬೀಗ ಜಗ್ಗಿ ನೋಡುವವರ ಪೈಕಿ. ಎರಡು ವರ್ಷದ ಹಿಂದೆ ಆ ಅರ್ಜಿ ತುಂಬುವಾಗ ಅದು ಬಿತ್ತೋ ಇಲ್ಲವೋ ಎಂಬ ಅನುಮಾನಕ್ಕೆ ಇನ್ನೊಂದು ಸಲ ಒತ್ತಿದ್ದೇನೆ.

ಖಾತ್ರಿಗೆಂದು ಆ ಸದ್ದಿಲ್ಲದ ಜಾಗದಲ್ಲಿ ನಿಂತು ನಂಬರ್ ಪ್ಯಾಡಿನ ಎರಡರ ಕೀಲಿಯನ್ನು ಮೂರು ಸಲ ಒತ್ತಿದೆ. ಹಾಗೆ ಒತ್ತಿದರೆ ಅದು ಅಕ್ಷರದ ಸಂಖ್ಯೆ ಹೇಳುತ್ತದೆ. "8204" ಎಂದಿತು. ಬಾಣ ಒತ್ತಿ ಮುಂದೆ ಹೋಗಿ ಮತ್ತೆ ಕೇಳಿದೆ. "8204." ಈಗ ತುಂಬುತ್ತಿದ್ದ ಅರ್ಜಿಯಲ್ಲಿ ಅದು ಒಂದೇ ಒಂದಿತ್ತು. ಕಣ್ಣಿದ್ದ ಸುಕನ್ಯಾಳಿಗೆ ಅದು ಕಾಣಲಿಲ್ಲ, ಕಿವಿಯಿದ್ದ ನನಗೆ ಕೇಳಲಿಲ್ಲ. ಕಂಪ್ಯೂಟರಿಗೆ ಮಾತ್ರ ಅವು ಬೇರೆ ಬೇರೆ ಇಬ್ಬರು ಹೆಂಗಸರ ಹೆಸರುಗಳಾಗಿದ್ದವು.

ಅರ್ಜಿಯಲ್ಲೂ ಆ ಕಾಣದ ಅಕ್ಷರವನ್ನು ಇನ್ನೊಂದು ಸಲ ಒತ್ತಿ ಕಳಿಸಿದೆ. ಹೋಯಿತು. ಸ್ವೀಕೃತಿ ನಂಬರು ಬಂದಾಗ ನಾಲ್ಕೂವರೆ.

"ಯಾ ಅಲ್ಲಾ!" ಎಂದು ಹುಸೇನ್‌ಬೀ ಜೋರಾಗಿ ಉಸಿರು ಬಿಟ್ಟಳು. "ನೀವಿದ್ದಿದ್ದಕ್ಕ ಆತ್ರಿ ಅಣ್ಣಾರ. ಆ ಕೊಪ್ಪಳದವರ ತಪ್ಪು ಹೆಂಗ ಹಿಡದ್ರಿ?"

ನನ್ನ ಜೀವಮಾನದಲ್ಲಿ ಇಷ್ಟು ಸುರಕ್ಷಿತವಾದ ತಪ್ಪನ್ನು ನಾನು ಮಾಡಿರಲಿಲ್ಲ. ಯಾರಿಗೂ ಕಾಣುವುದಿಲ್ಲ, ಯಾರಿಗೂ ಕೇಳುವುದಿಲ್ಲ. ಹೂಂ ಎಂದಿದ್ದರೆ ಮುಗಿಯುತ್ತಿತ್ತು, ನನ್ನ ಹೆಸರು ಹನುಮಸಾಗರದ ತನಕ ಇನ್ನಷ್ಟು ಮೆರೆಯುತ್ತಿತ್ತು. ಹೂಂ ಎನ್ನಲು ಬಾಯಿ ತೆರೆದದ್ದೂ ನಿಜ. ಆದರೆ ಎರಡು ದಿನದ ಕೂಲಿ ಬಿಟ್ಟು ನನ್ನ ಜಂಭದ ಪತ್ರ ಹೊತ್ತು ಅಡ್ಡಾಡಿದವಳು ನನಗೇ ಉಪಕಾರ ಹೇಳುತ್ತಿದ್ದಳು. ನಾಚಿಕೆಯಾಯಿತು.

"ತಪ್ಪು ಅವರದಲ್ಲ ತಂಗೀ, ನಂದು. ನಿನ್ನ ಹೆಸರಿನಾಗ ಕಾಣದ ಅಕ್ಷರ ಒಂದಿರಬೇಕಿತ್ತು, ನಾ ಎರಡು ಹಾಕೀನಿ. ನಿನ್ನ ಸುಮ್ಮನಽ ಅಡ್ಡಾಡಿಸಿದೆ."

ಬೆಂಚು ಕಿರ್ರೆಂದಿತು. ಎದ್ದು ಹೋಗಿಬಿಟ್ಟಳು ಎಂದುಕೊಂಡೆ. ಆದರೆ ಅವಳ ದನಿ ಟೇಬಲ್ಲಿನ ಹತ್ತಿರವೇ ಕೇಳಿತು.

"ಮುಂದ ಯಾ ಅರ್ಜಿ ಹಾಕಿದ್ರೂ ಅವೆರಡೂ ಹಾಕಬೇಕೇನ್ರಿ?"

"ಪ್ರಮಾಣಪತ್ರ ತಿದ್ದಿಸೋತನಕ ಹಾಕಬೇಕು."

"ಅವು ಅಲ್ಲಿ ಅದಾವಂತ ನಿಮ್ಮನ್ನ ಬಿಟ್ಟು ಯಾರಿಗೆ ಗೊತ್ತೈತ್ರಿ?"

"ಯಾರಿಗೂ ಗೊತ್ತಿಲ್ಲ."

ಬೈಗುಳ ಬರುತ್ತದೆ ಎಂದು ತಲೆ ತಗ್ಗಿಸಿ ಕಾದೆ.

"ಹಂಗಾದ್ರ ನಾಳೆ ಮುಂಜಾನಿ ಮೊದಲನೇ ಬಸ್ಸಿಗೆ ಇಬ್ಬರೂ ಕೊಪ್ಪಳಕ್ಕ ಹೋಗೂಣು. ತಪ್ಪು ನಂದು ಅಂತ ಆ ಸಾಹೇಬ್ರ ಮುಂದ ನೀವಽ ಹೇಳ್ರಿ" ಎಂದಳು. ಬಾಗಿಲ ತನಕ ಹೋದವಳು ತಿರುಗಿ ಬಂದಳು. "ರಾತ್ರಿ ಮನಿಗೆ ಹೋಗೂಮುಂದ ರೋಡ್ ಹುಷಾರಿಲೆ ದಾಟ್ರಿ ಅಣ್ಣಾರ. ಕೊಪ್ಪಳ ಮುಟ್ಟೂತನಕ ನೀವು ಸಾಯೂವಂಗಿಲ್ಲ."