ಸತುವಿನ ಗುಂಡಿಗೆ ಬೆಳಕು ಬಿಟ್ಟಿದ್ದು

ಭೌತಶಾಸ್ತ್ರ ನನ್ನ ಕೈ ಬಿಡುವುದಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಜಂಬಕ್ಕೇ ಅನ್ನಿ, ನನಗೇನೂ ಬೇಜಾರಿಲ್ಲ. ನಮ್ಮ ಕಾಲೇಜಿನ ಪ್ರಿನ್ಸಿಪಾಲರು ನನ್ನ ಪ್ರಯೋಗಾಲಯದ ಬಾಗಿಲಲ್ಲಿ ನಿಂತು, "ಮೇಡಂ, ಈ ಕೋಣೇಲಿ ಹಳೇ ಸಾಮಾನು ಬಿಟ್ರೆ ಏನಿದೆ? ಆಫೀಸಿನ ಬೀರುಗಳಿಗೆ ಜಾಗ ಸಾಲ್ತಿಲ್ಲ" ಎಂದಾಗಲೂ ನಾನು ಹೆದರಲಿಲ್ಲ.

"ಶುಕ್ರವಾರ ಬನ್ನಿ ಸರ್. ಬರೀ ಬೆಳಕು ಬಿಟ್ಟು ಲೋಹಕ್ಕೆ ವಿದ್ಯುತ್ ಏರಿಸಿ ತೋರಿಸ್ತೀನಿ. ಆಗ್ಲಿಲ್ಲ ಅಂದ್ರೆ ಧಾರಾಳವಾಗಿ ಬೀರು ತಂದಿಡಿ."

ಅವರು ವಾಣಿಜ್ಯ ಓದಿದವರು. ನಾನು ಬಾಯಿ ಮುಚ್ಚುವಷ್ಟರಲ್ಲಿ ಒಪ್ಪಿಬಿಟ್ಟರು.

ಬೇಕಾದದ್ದೆಲ್ಲ ನನ್ನ ಬಳಿ ಇತ್ತು. ನಿಂಬೆಹಣ್ಣಿನ ಗಾತ್ರದ ಸತುವಿನ ಗುಂಡು, ಅದನ್ನು ತೂಗುಹಾಕಲು ಸ್ಫಟಿಕದ ಕಿಟಕಿಯಿದ್ದ ಪಾತ್ರೆ, ಒಳಗಿನ ಗಾಳಿ ಹೀರುವ ಪಂಪು, ನೇರಳಾತೀತ ದೀಪ, ಗುಂಡಿನ ವಿದ್ಯುತ್ ಎಷ್ಟು ಏರಿತೆಂದು ತೋರಿಸುವ ಸೂಜಿ ಮೀಟರು. ಸತು ಗಾಳಿಗೆ ಮಂಕಾಗುತ್ತದೆ. ಮೇಲಿನ ಪೊರೆ ತೆಗೆಯದಿದ್ದರೆ ಬೆಳಕು ಎಷ್ಟು ಬಡಿದರೂ ಎಲೆಕ್ಟ್ರಾನು ಹೊರಗೆ ಬರುವುದಿಲ್ಲ. ಹಾಗಾಗಿ ಶುಕ್ರವಾರ ಬೆಳಿಗ್ಗೆ ಮನೆಯಲ್ಲೇ ಅದನ್ನು ಮರಳುಕಾಗದದಿಂದ ಚೆನ್ನಾಗಿ ಉಜ್ಜಿ, ಕಾಗದದಲ್ಲಿ ಸುತ್ತಿಟ್ಟು ಸ್ನಾನಕ್ಕೆ ಹೋದೆ. ಸೊಸೆ ಪಂಥ ಕಟ್ಟಿದ್ದಾಳೆಂದು ತಿಳಿದ ಅತ್ತೆ, "ನಾನೂ ಬರ್ತೀನಿ, ಅದೇನು ನೋಡೇಬಿಡೋಣ" ಎಂದು ಸೀರೆ ಬದಲಿಸಿ ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದರು.

ಪ್ರಯೋಗಾಲಯದಲ್ಲಿ ಪ್ರಿನ್ಸಿಪಾಲರು, ಆಫೀಸಿನ ಇಬ್ಬರು ಗುಮಾಸ್ತರು, ಹಿಂದಿನ ಬೆಂಚಿನಲ್ಲಿ ಅತ್ತೆ. ಅವಸರದಲ್ಲಿ ಗುಂಡನ್ನು ಸರಿಯಾಗಿ ನೋಡದೆ, ಕೈಗವಸು ಹಾಕಿಕೊಂಡೇ ತೂಗುಹಾಕಿದೆ. ಪಂಪು ಓಡಿಸಿದೆ, ದೀಪ ಹಾಕಿದೆ. ಸೂಜಿ ಸೊನ್ನೆಯಲ್ಲೇ ಕೂತಿತ್ತು.

"ಬೆಳಕು ಸಾಲ್ತಿಲ್ವೇನೋ" ಎಂದರು ಪ್ರಿನ್ಸಿಪಾಲರು. ಗುಮಾಸ್ತರಲ್ಲೊಬ್ಬ ಆಗಲೇ ಗೋಡೆಯ ಉದ್ದ ಕಣ್ಣಳತೆ ಮಾಡುತ್ತಿದ್ದ.

"ಬೆಳಕಿಗೇನೂ ಆಗಿಲ್ಲ" ಎಂದು ಪಾತ್ರೆ ತೆರೆದು ಗುಂಡನ್ನು ಹೊರತೆಗೆದೆ. ಕೈಗವಸಿನಲ್ಲಿ ಅದು ಜಾರುತ್ತಿತ್ತು. ಬೆಳಿಗ್ಗೆ ಗೀರುಗೀರಾಗಿದ್ದ ಗುಂಡು ಈಗ ಮಿರಮಿರ ಮಿಂಚುತ್ತಿತ್ತು. ಮೂಸಿದೆ. ಅಡುಗೆ ಎಣ್ಣೆ!

"ನಾನೇ ಕಣೇ" ಎಂದರು ಅತ್ತೆ. "ಪಾಪ, ಎಲ್ಲಾ ಕೆರೆದುಹೋಗಿತ್ತು. ನಾಲ್ಕು ಜನರೆದುರು ಇದನ್ನ ಇಡ್ತಾಳಲ್ಲಾ ಅಂತ ಒಂದ್ತೊಟ್ಟು ಎಣ್ಣೆ ಹಚ್ಚಿ ಒರೆಸಿದೆ."

ಪಿತ್ತ ನೆತ್ತಿಗೇರಿತು. "ಅತ್ತೆ! ನಿಮಗೆ ಯಾರು ಹೇಳಿದ್ರು..."

"ಬೈಯೋದನ್ನ ಮನೇಲಿ ಬೈ. ಈಗ ಏನ್ಮಾಡ್ಬೇಕು ಹೇಳು."

ಸ್ಪಿರಿಟ್ಟಿನಲ್ಲಿ ಎಣ್ಣೆ ತೊಳೆದು ಮತ್ತೆ ಉಜ್ಜಬೇಕು ಎಂದೆ. ಮಾತು ಮುಗಿಯುವ ಮೊದಲೇ ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಗವಸು ಏರಿಸಿ, ಮರಳುಕಾಗದ ಹಿಡಿದಾಗಿತ್ತು. ತಳ ಹಿಡಿದ ಪಾತ್ರೆಗಳ ಜೊತೆ ಜೀವಮಾನವೆಲ್ಲ ಗುದ್ದಾಡಿದ ಕೈ ಅದು. ನಾನು ಉಜ್ಜಿದ್ದಕ್ಕಿಂತ ಚೆನ್ನಾಗಿ ಉಜ್ಜಿದರು, ಹೊಟ್ಟೆಕಿಚ್ಚಿನಿಂದಲೇ ಒಪ್ಪುತ್ತೇನೆ.

ಗುಂಡು ಒಳಗೆ ಹೋಯಿತು. ಪಂಪು ಗಾಳಿ ಹೀರಿತು. ದೀಪ ಹಾಕಿದೆ. ಸೂಜಿ ಎದ್ದಿತು, ನಿಧಾನಕ್ಕೆ ಏರಿತು, ಅರ್ಧ ವೋಲ್ಟಿನ ಹತ್ತಿರ ಹೋಗಿ ನಿಂತಿತು.

"ನಿಂತೇ ಹೋಯ್ತಲ್ಲ! ಕೆಟ್ಟೋಯ್ತಾ?" ಎಂದರು ಪ್ರಿನ್ಸಿಪಾಲರು.

"ಇಲ್ಲ ಸರ್. ಎಲೆಕ್ಟ್ರಾನು ಹೊರಗೆ ಹೋದಷ್ಟೂ ಗುಂಡಿನಲ್ಲಿ ಧನ ವಿದ್ಯುತ್ ಹೆಚ್ಚುತ್ತೆ, ಹೊರಟಿದ್ದನ್ನೆಲ್ಲ ವಾಪಸ್ ಎಳೆಯುತ್ತೆ. ಎಲ್ಲಕ್ಕಿಂತ ಜೋರಾಗಿ ಹಾರೋದೂ ತಪ್ಪಿಸಿಕೊಳ್ಳೋಕೆ ಆಗದಾಗ ಸೂಜಿ ನಿಲ್ಲುತ್ತೆ. ಆ ಜೋರು ಎಷ್ಟು ಅಂತ ತೀರ್ಮಾನಿಸೋದು ಬೆಳಕಿನ ಬಣ್ಣ, ಪ್ರಖರತೆ ಅಲ್ಲ."

ಅವರು ನಂಬಲಿಲ್ಲ. "ಇಂಥದೇ ಇನ್ನೊಂದು ದೀಪ ಹಾಕಿ ನೋಡೋಣ. ಎರಡಾದ್ರೆ ಡಬಲ್ ಏರ್ಬೇಕಲ್ಲ?"

ನನ್ನ ಪ್ರಯೋಗಾಲಯದ ಬೀರುವಿನಲ್ಲಿ ಅಂಥದೇ ಇನ್ನೊಂದಿತ್ತು. ತೆಪ್ಪಗಿರಬಹುದಿತ್ತು, ಪಂಥದಲ್ಲಿ ಆಗಲೇ ಗೆದ್ದಿದ್ದೆ. ಆದರೆ ನನ್ನ ನಾಲಿಗೆ ನನ್ನ ಮಾತು ಯಾವಾಗ ಕೇಳಿದೆ? "ಕೂದಲೆಳೆಯಷ್ಟು ಮೇಲೇರಿದ್ರೂ ಕೋಣೆ ನಿಮ್ಮದು" ಎಂದುಬಿಟ್ಟೆ. ಅತ್ತೆ ಹಣೆ ಚಚ್ಚಿಕೊಂಡರು.

ಎರಡನೆಯ ದೀಪ ಹೊತ್ತಿತು. ಪ್ರಿನ್ಸಿಪಾಲರು ಮೀಟರಿಗೆ ಮೂಗು ತಾಗುವಷ್ಟು ಬಗ್ಗಿದರು. ಸೂಜಿ ಮಿಸುಕಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ನನಗೆ ಕುಣಿಯಬೇಕೆನಿಸಿತು, ಕುಣಿಯಲಿಲ್ಲ.

"ಆಯ್ತು ಮೇಡಂ" ಎಂದು ಕೊನೆಗೆ ನೆಟ್ಟಗಾದರು. "ಕೋಣೆ ನಿಮಗೇ ಬಿಟ್ಟುಕೊಟ್ಟೆ."

"ನೀನೇನಪ್ಪಾ ಬಿಟ್ಟುಕೊಡೋದು?" ಎಂದರು ಅತ್ತೆ, ಕೈಯಲ್ಲಿ ಇನ್ನೂ ಮರಳುಕಾಗದ ಹಿಡಿದೇ. "ಅದು ಅವಳ್ದೇ."

ನಮ್ಮ ಮನೆಯಲ್ಲಿ ಒಲೆ ಅತ್ತೆಯದು, ಕಪಾಟು ಅತ್ತೆಯದು, ಕಿಟಕಿ ಪಕ್ಕದ ಕುರ್ಚಿಯೂ ಅತ್ತೆಯದೇ. ನಾನು ಮದುವೆಯಾಗಿ ಬಂದ ಮೇಲೆ ಅವರು ಏನನ್ನಾದರೂ ನನ್ನದು ಎಂದದ್ದು ಅದೇ ಮೊದಲು.