ಪೆಟ್ಟಿಗೆಯ ತಳದಲ್ಲಿದ್ದದ್ದು

ಮದ್ರಾಸಿನ ಮೆಡಿಕಲ್ ಸ್ಕೂಲಿನ ಹಾಸ್ಟೆಲಿನಿಂದ ಬಂದ ಪಟ್ಟಿಯಲ್ಲಿ ಹದಿನಾಲ್ಕು ಸಾಮಾನುಗಳಿದ್ದವು. ಹದಿಮೂರನ್ನು ನಂಜಿ ಮನೆಯವರಿಗೆ ಕೇಳುವಂತೆ ಓದಿ ಹೇಳಿದಳು. ಬೀಗವಿರುವ ತಗಡಿನ ಪೆಟ್ಟಿಗೆ, ಬಿಳಿ ಸೀರೆ ನಾಲ್ಕು, ಹೊದಿಕೆ ಎರಡು, ಲೋಟ, ತಟ್ಟೆ, ಸೊಳ್ಳೆಪರದೆ, ಹೀಗೆ. ಸೊಳ್ಳೆಗೆ ಪರದೆ ಯಾಕೆ ಎಂದು ಹೆತ್ತೆ, ಅಂದರೆ ಅವಳ ಅಜ್ಜಿ, ಕೇಳಿದಳು. ಊಟಿ ಬೆಟ್ಟದ ಇತ್ತಲಾರಿನ ಚಳಿಯಲ್ಲಿ ಸೊಳ್ಳೆಯ ಕಾಟವನ್ನು ಆಕೆ ಕಂಡವಳಲ್ಲ. ಹದಿನಾಲ್ಕನೆಯದನ್ನು ಮಾತ್ರ ನಂಜಿ ಓದಲಿಲ್ಲ. ಅದು ಮನುಷ್ಯರ ಮೂಳೆ.

ಮೂಳೆಯಿಲ್ಲದೆ ಮೊದಲ ವರ್ಷದ ಪಾಠ ನಡೆಯುವುದಿಲ್ಲ ಎಂದು ಊಟಿ ಆಸ್ಪತ್ರೆಯ ಡಾಕ್ಟರಮ್ಮ ಮೊದಲೇ ಹೇಳಿದ್ದರು. ತಾವು ಓದುವಾಗ ಇಟ್ಟುಕೊಂಡಿದ್ದನ್ನೇ ಅವಳಿಗೆ ಕೊಟ್ಟರು. ದೊಡ್ಡ ಬಿಸ್ಕತ್ತಿನ ಡಬ್ಬಿಯಲ್ಲಿ ಒಂದು ತಲೆಬುರುಡೆ, ಒಂದು ತೋಳು, ತಂತಿಯಲ್ಲಿ ಪೋಣಿಸಿದ ಒಂದು ಕೈ. ನಂಜಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದಳು. ಡಬ್ಬಿ ಕಂಡು ಹೆತ್ತೆ, "ಎನಗೂ ಒಂದು ಬಿಸ್ಕತ್ತು ಕೊಡು ಕೂಸೆ" ಎಂದು ಕೈಚಾಚಿದಳು.

"ಅದು ಮದ್ರಾಸಿನ ಟೀಚರಿಗೆ, ಹೆತ್ತೆ."

ಹೆತ್ತೆಗೆ ನಂಜಿ ಹೇಳಿದ ಮೊದಲ ಸುಳ್ಳು ಅದು.

ಡಬ್ಬಿ ಪೆಟ್ಟಿಗೆಯ ತಳ ಸೇರಿತು. ಮೇಲೆ ಹೊದಿಕೆ, ಅದರ ಮೇಲೆ ಸೀರೆ. ಪೆಟ್ಟಿಗೆ ಇದ್ದದ್ದು ಹೊರಕೋಣೆಯಲ್ಲಿ, ಗೋಡೆಗೆ ಒತ್ತಿಕೊಂಡು. ಗೋಡೆಯ ಆಚೆ ಹಾಲುಕೋಣೆ. ಬಡಗರ ಮನೆಯಲ್ಲಿ ಅದು ದೇವರಿರುವಷ್ಟೇ ಮಡಿಯ ಜಾಗ, ಹೆಂಗಸರೂ ಅಲ್ಲಿ ಕಾಲಿಡುವಂತಿಲ್ಲ. ಹೆಣ ಮುಟ್ಟಿದವನು ತೊರೆಯಲ್ಲಿ ಮಿಂದಲ್ಲದೆ ಹಟ್ಟಿಯೊಳಗೇ ಬರುವಂತಿಲ್ಲ. ಅಂಥ ಗೋಡೆಯ ಈಚೆ, ಎರಡು ಗೇಣು ದೂರದಲ್ಲಿ, ಯಾರದೋ ತಲೆ. ಮೂಳೆಯೆಂದರೆ ಬರೀ ಸುಣ್ಣ, ಪಾಠದ ಸಾಮಾನು ಎಂದು ನಂಜಿ ತನಗೆ ತಾನೇ ಇಂಗ್ಲಿಷಿನಲ್ಲಿ ಹೇಳಿಕೊಂಡಳು. ಇಂಗ್ಲಿಷಿನಲ್ಲಿ ಹೇಳಿಕೊಂಡಾಗ ನಿಜವೆನಿಸುತ್ತಿತ್ತು. ತನ್ನ ಮಾತಿನಲ್ಲಿ ಹೇಳಿಕೊಳ್ಳಲು ಹೋದರೆ ನಾಲಗೆ ಏಳುತ್ತಿರಲಿಲ್ಲ.

ಹೊರಡಲು ಎರಡು ದಿನ ಉಳಿದಿತ್ತು. ತನ್ನ ತಂಗಿಯ ಬಾಣಂತನಕ್ಕೆ ತವರಿಗೆ ಹೋಗಿದ್ದ ಅವ್ವೆ ಮಾರನೆಯ ಸಂಜೆಗೆ ಬರುವೆನೆಂದು ಹೇಳಿಕಳಿಸಿದ್ದಳು. ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ನಂಜಿ ಸೀರೆ ಮಡಿಸುತ್ತಿದ್ದಳು. ಕೊಟ್ಟಿಗೆಯಿಂದ ಅಪ್ಪ ಜೋಗಿ ಕೂಗಿದ ದನಿ ಕೇಳಿತು. ಅವಳು ಓಡಿದಳು. ಹಾಲು ಕರೆಯುವ ಬಿದಿರಿನ ಪಾತ್ರೆಯನ್ನು ಅವನು ಅವಳ ಮುಂದೆ ಚಾಚಿದ. ಒಳಗಿನ ಹಾಲು ಕೆಂಪಗಿತ್ತು.

ಗೋಡೆಯ ಈಚೆಯ ಮೈಲಿಗೆ ಆಚೆಗೆ ಹರಿಯಿತು ಎಂದೇ ನಂಜಿಯ ಮನಸ್ಸು ಮೊದಲು ಹೇಳಿದ್ದು. ಆಮೇಲೆ ಎಮ್ಮೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಕೆಚ್ಚಲು ಮುಟ್ಟಿದಳು. ಒಂದು ಭಾಗ ಬೆಂದ ಗೆಣಸಿನಂತೆ ಬಿಸಿ, ಕಲ್ಲಿನಂತೆ ಗಟ್ಟಿ. ಮೊಲೆಯ ಬದಿಯಲ್ಲಿ ಮುಳ್ಳು ಗೀರಿದ ಗಾಯ ಕೀವಾಗಿತ್ತು.

"ಅಪ್ಪ, ಇದು ಕೆಚ್ಚಲು ಬಾವು. ಗಾಯದಿಂದ ಬಂದದ್ದು. ಬಿಸಿನೀರಿನ ಬಟ್ಟೆ ಇಟ್ಟು, ಕೆಟ್ಟ ಹಾಲನ್ನೆಲ್ಲ ಹಿಂಡಿ ತೆಗೆಯಬೇಕು."

ಜೋಗಿ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಅಷ್ಟರಲ್ಲಿ ಅವನ ಅಣ್ಣ ಭೀಮ ಬಂದ. ಹಟ್ಟಿಯಲ್ಲಿ ಅವನ ಮಾತಿಗೆ ಎದುರಿಲ್ಲ. ಪಾತ್ರೆಯೊಳಗೆ ನೋಡಿದವನೇ ಕೇಳಿದ: "ನೆನ್ನೆ ಇಲ್ಲಿಗೆ ಯಾರು ಬಂದರು?"

"ಯಾರೂ ಇಲ್ಲೆ. ಮಾದ ಬಂದಿದ್ದ, ಜೇನು ತಂದ."

"ಎಮ್ಮೆಯ ನೋಡಿದನೋ?"

ಜೋಗಿ ಪಾತ್ರೆಯನ್ನು ನೆಲಕ್ಕಿಟ್ಟ. "ನೋಡಿದ. ಒಳ್ಳೆ ಎಮ್ಮೆ ಎಂದ."

ಅಷ್ಟೇ ಸಾಕಾಯಿತು. ಮಾದ ಇಳಿಜಾರಿನ ಕಾಡಂಚಿನ ಕುರುಂಬ. ಕುರುಂಬರಿಗೆ ಮಾಟ ಗೊತ್ತು, ಕಣ್ಣಿಟ್ಟರೆ ಹಾಲು ರಕ್ತವಾಗುತ್ತದೆ ಎಂದು ಹಟ್ಟಿಯಲ್ಲಿ ಹಾಲುಣ್ಣುವ ಕೂಸಿಗೂ ಗೊತ್ತಿತ್ತು. ಬಿತ್ತನೆಗೆ, ಕಾಯಿಲೆಗೆ ಅವನನ್ನೇ ಕರೆಯುತ್ತಿದ್ದರು; ಕೆಡುಕಾದರೆ ಅವನ ಹೆಸರನ್ನೇ ಹೇಳುತ್ತಿದ್ದರು. ನೋಡನೋಡುತ್ತಿದ್ದಂತೆ ಏಳೆಂಟು ಗಂಡಸರು ಅಂಗಳದಲ್ಲಿ ಸೇರಿದರು. ಒಬ್ಬನ ಕೈಯಲ್ಲಿ ದೊಣ್ಣೆ, ಇನ್ನೊಬ್ಬನ ಕೈಯಲ್ಲಿ ಗುದ್ದಲಿಯ ಕಾವು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ನಂಜಿಗೆ ಭಯವಾದದ್ದು ಆ ಮೆಲುಮಾತಿಗೇ.

ಹೆತ್ತೆ ಅವಳ ಕೈಹಿಡಿದು ಒಳಗೆಳೆದಳು. "ಕದ ಹಾಕು ಕೂಸೆ. ಎನ್ನ ಚಿಕ್ಕಂದಿನಲ್ಲಿ ಒಬ್ಬ ಕುರುಂಬನ ಗುಡಿಸಲಿಗೆ ಹಿಂಗೇ ಹೋದರು. ಆ ಗುಡಿಸಲಿನಿಂದ ಯಾರೂ ಹೊರಗ ಬರಲಿಲ್ಲೆ. ಬೆಂಕಿಯ ವಾಸನೆ ಇಲ್ಲಿತನಕ ಬಂತು."

ನಂಜಿ ಪೆಟ್ಟಿಗೆಯನ್ನೇ ನೋಡುತ್ತ ನಿಂತಳು. ಬಾಯಿ ಬಿಡದಿದ್ದರೆ ನಾಡಿದ್ದು ರೈಲು. ಬಿಟ್ಟರೆ ಏನಾಗುತ್ತದೆ ಎಂಬುದು ಅವಳ ಊಹೆಗೂ ನಿಲುಕಲಿಲ್ಲ. ಅಪ್ಪನನ್ನು ಹಟ್ಟಿಯಿಂದ ಹೊರಗಿಡಬಹುದು. ದೊಡ್ಡಪ್ಪ ತನ್ನನ್ನು ಹೊಡೆಯಬಹುದು. ಮದ್ರಾಸು ಕನಸಾಗಿಯೇ ಉಳಿಯಬಹುದು. ಮೂಳೆಯಿಂದ ಹಾಲು ಕೆಡುವುದಿಲ್ಲ, ಬಾವಿನಿಂದ ಕೆಟ್ಟದ್ದು ಎಂದು ತಿಳಿದಿದ್ದೂ, ತಪ್ಪು ತನ್ನದೇ ಎಂದು ಅವಳ ಮೈಯೆಲ್ಲ ನಂಬಿತ್ತು. ಯಾವ ಲೆಕ್ಕದಲ್ಲಿ ನೋಡಿದರೂ ಮಾದ ಏನೂ ಮಾಡಿರಲಿಲ್ಲ.

ಗಂಡಸರು ಹಟ್ಟಿಯ ಕೊನೆಯ ಮನೆ ದಾಟುತ್ತಿದ್ದರು. ನಂಜಿ ಸೀರೆಗಳನ್ನು ಎಳೆದು ನೆಲಕ್ಕೆ ಎಸೆದಳು, ಹೊದಿಕೆ ಎಸೆದಳು, ಡಬ್ಬಿ ಎತ್ತಿಕೊಂಡು ಬರಿಗಾಲಲ್ಲಿ ಓಡಿದಳು.

"ದೊಡ್ಡಪ್ಪ! ನಿಲ್ಲಿ! ಅವನಲ್ಲ, ನಾನು!"

ಭೀಮ ತಿರುಗಿದ. ಅವಳು ಹುಲ್ಲಿನ ಮೇಲೆ ಡಬ್ಬಿಯಿಟ್ಟು ಮುಚ್ಚಳ ತೆಗೆದಳು. ಬೆರಳು ಜಾರಿ ಮುಚ್ಚಳ ಕಲ್ಲಿಗೆ ಬಡಿಯಿತು. ಬುರುಡೆ ಆಕಾಶ ನೋಡುತ್ತ ಮಲಗಿತ್ತು.

ಗಂಡಸರೆಲ್ಲ ಒಟ್ಟಿಗೆ ಹಿಂದೆ ಸರಿದರು. ಒಬ್ಬ ಎಡವಿ ಬಿದ್ದ. ಅದುವರೆಗೆ ದೊಡ್ಡಪ್ಪ ಅಂಜಿದ್ದನ್ನು ನಂಜಿ ಕಂಡಿರಲಿಲ್ಲ. ಅವನ ತುಟಿ ಬಿಳಿಚಿಕೊಂಡಿತ್ತು.

"ಯಾರ ತಲೆ ಇದು?"

"ಗೊತ್ತಿಲ್ಲೆ. ಓದುವುದಕ್ಕೆ ಕೊಟ್ಟದ್ದು. ನಾಲ್ಕು ದಿನದಿಂದ ಹಾಲುಕೋಣೆಯ ಗೋಡೆಯ ಹತ್ತಿರ ಇತ್ತು. ನಾನೇ ಇಟ್ಟದ್ದು. ಎಮ್ಮೆಗೆ ಬಂದದ್ದು ಬಾವು, ಆಣೆ ಮಾಡುವೆ. ನನ್ನ ಮಾತು ನಂಬದಿದ್ದರೆ ನನಗೆ ಹೊಡೆಯಿರಿ. ಮಾದನಿಗೆ ಬೇಡ."

ಜೋಗಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಿದ್ದ. ಕೊನೆಗೆ ಭೀಮ ಹೇಳಿದ, ಅವಳ ಮುಖ ನೋಡದೆ: "ಮನೆಯ ತೊಳೆಯಬೇಕು, ಸಗಣಿ ಸಾರಿಸಬೇಕು, ಹಟ್ಟಿಗೆಲ್ಲ ಶುದ್ಧ ಆಗಬೇಕು. ಅದು ಈಗಲೇ ಇಲ್ಲಿಂದ ಹೋಗಬೇಕು. ನೀನೂ ಅದರ ಸಂಗಡ ಹೋಗು. ಓದಿ ಬಾ, ಬೇಡವೆನ್ನಲಿಲ್ಲೆ. ಆದರ ಇವತ್ತು ಹೋಗು."

"ನಾಳೆ ಅವ್ವೆ ಬರುವಳು, ದೊಡ್ಡಪ್ಪ."

"ಇವತ್ತು."

ಪೆಟ್ಟಿಗೆಯನ್ನು ಮತ್ತೆ ತುಂಬಿದ್ದು ಹಟ್ಟಿಯ ಹೊರಗೆ, ಹುಲ್ಲಿನ ಮೇಲೆ. ಹೆತ್ತೆ ಒಂದೊಂದೇ ಬಟ್ಟೆಯನ್ನು ದೂರದಿಂದ ಎಸೆದಳು, ನಂಜಿ ಹೆಕ್ಕಿದಳು. ಮಡಿಸುವ ತಾಳ್ಮೆ ಕೈಗಿರಲಿಲ್ಲ. ಸೊಳ್ಳೆಪರದೆ ಮಣ್ಣಾಯಿತು. ಲೋಟ ಎಲ್ಲೋ ಉಳಿಯಿತು. ಬಿಳಿ ಸೀರೆಯೊಂದಕ್ಕೆ ಹಸಿಹುಲ್ಲಿನ ಕಲೆ ಹತ್ತಿತು. ಪೆಟ್ಟಿಗೆ ಹೊರಲು ಯಾರೂ ಮುಂದೆ ಬರಲಿಲ್ಲ. ಮುಟ್ಟಿದವನು ಮೂರು ದಿನ ಹಟ್ಟಿಯ ಹೊರಗಿರಬೇಕೆಂದು ಭೀಮ ಹೇಳಿಬಿಟ್ಟಿದ್ದ, ಜೋಗಿ ಇಲ್ಲದಿದ್ದರೆ ಎಮ್ಮೆ ನೋಡುವವರಿಲ್ಲ. "ಕುರುಂಬನ ಕರೆಯಿರಿ, ಅವನಿಗೆ ಇದೆಲ್ಲ ಅಂಜಿಕೆ ಇಲ್ಲೆ" ಎಂದ ಒಬ್ಬ. ಸ್ವಲ್ಪ ಮುಂಚೆ ಗುದ್ದಲಿಯ ಕಾವು ಹಿಡಿದಿದ್ದವನೇ ಅವನು.

ಮಾದ ಬಂದ. ಬಿಳಿಗಡ್ಡದ ಸಣಕಲು ಮನುಷ್ಯ. ಬೆಳಗಿನಿಂದ ತನ್ನ ಹೆಸರು ಎಲ್ಲಿಯವರೆಗೆ ಹೋಗಿ ಬಂತೆಂಬುದು ಅವನಿಗೆ ಗೊತ್ತಿರಲಿಲ್ಲ.

ಹೊರಡುವಾಗ ಜೋಗಿ ಹತ್ತು ಮಾರು ದೂರದಲ್ಲಿ ನಿಂತಿದ್ದ. ಅಳುತ್ತಿದ್ದ. "ಬಿಸಿನೀರ ಬಟ್ಟೆ ಎಷ್ಟು ಸಲ ಇಡಬೇಕು?" ಎಂದು ಕೂಗಿ ಕೇಳಿದ.

"ದಿನಕ್ಕೆ ನಾಲ್ಕು ಸಲ, ಅಪ್ಪ. ನೋವಾಗಿ ಒದ್ದರೂ ಹಿಂಡಲೇಬೇಕು."

"ಆಗಲಿ ಕೂಸೆ. ಒಳ್ಳಿತಾಗಿ ಬದುಕು."

ಬಸ್ಸಿನ ರಸ್ತೆಗೆ ಒಂದೂವರೆ ಮೈಲಿ. ಮಾದ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಮುಂದೆ ನಡೆದ. ಒಳಗೆ ಡಬ್ಬಿ ಸಣ್ಣಗೆ ಸದ್ದು ಮಾಡಿದಾಗಲೆಲ್ಲ ಅವನ ಹೆಜ್ಜೆ ತಪ್ಪುತ್ತಿತ್ತು. ಮೊದಲ ತಿರುವಿನಲ್ಲೇ ಅವನು ಅದನ್ನು ಕೆಳಗಿಳಿಸಿದ. ಅವನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

"ಒಳಗ ಏನ ಇದೆ ಎಂದು ಹೇಳಿದರು, ಕೂಸೆ. ಎನ್ನ ತಲೆ ಮೇಲೆ ಬೇಡ. ಎಲ್ಲರೂ ಎನ್ನ ಕಂಡು ಅಂಜುವರು, ಎನಗ ಅಂಜಿಕೆಯೇ ಇಲ್ಲೆ ಎನ್ನುವರು. ಎನಗೂ ಅಂಜಿಕೆ ಆಗುತ್ತದೆ. ಎನ್ನ ಹೆಂಡತಿ ಸತ್ತಾಗ ನಾ ಮೂರು ದಿನ ಗುಡಿಸಲಿಗೇ ಹೋಗಲಿಲ್ಲೆ."

ಅವನಿಗೆ ಬೆಳಗಿನ ಸಂಗತಿ ಹೇಳಬೇಕೆಂದು ನಂಜಿ ಬಾಯಿ ತೆರೆದಳು. ಹೇಳಿದರೆ ಅವನು ಇವತ್ತು ಮನೆಗೆ ಹೇಗೆ ನಡೆದುಹೋಗುತ್ತಾನೆ, ಹೇಳದಿದ್ದರೆ ಮುಂದಿನ ಸಲ ಅವನನ್ನು ಎಚ್ಚರಿಸುವವರು ಯಾರು?

"ಮಾದಣ್ಣ," ಎಂದಳು ಕೊನೆಗೆ, "ಬೆಳಿಗ್ಗೆ ನಮ್ಮ ಎಮ್ಮೆಯ ಹಾಲು ಕೆಂಪಾಯಿತು. ನಿನ್ನ ಹೆಸರು ಹೇಳಿದರು. ದೊಣ್ಣೆ ಹಿಡಿದರು. ಇನ್ನು ಸ್ವಲ್ಪ ದಿನ ಹಟ್ಟಿಯ ಕಡೆ ಬರಬೇಡ."

ಮಾದ ನಿಂತಲ್ಲೇ ನಿಂತ. ಹಟ್ಟಿಯ ಕಡೆ ತಿರುಗಿ ನೋಡಿದ, ಕಾಡಿನ ಕಡೆ ನೋಡಿದ. ಆಮೇಲೆ ಬಗ್ಗಿ ಪೆಟ್ಟಿಗೆಯ ಒಂದು ಹಿಡಿ ಹಿಡಿದು, "ನೀ ಆ ಕಡೆ ಹಿಡಿ" ಎಂದ. ಇಬ್ಬರೂ ಅದನ್ನು ನಡುವೆ ತೂಗಿಕೊಂಡು ರಸ್ತೆಗೆ ಇಳಿದರು.

ಎಮ್ಮೆ ಉಳಿಯಿತೆಂದು ತಿಂಗಳ ಮೇಲೆ ಅಪ್ಪ ಕಾಗದ ಬರೆಸಿದ. ಮೂರು ಮೊಲೆಯಲ್ಲಿ ಹಾಲು ಬಂತು, ಒಂದು ಬತ್ತಿತು. ಬಿಸಿನೀರಿನಿಂದ ವಾಸಿಯಾಯಿತೆಂದು ಅವನು, ಶುದ್ಧ ಮಾಡಿಸಿದ್ದರಿಂದ ಎಂದು ಭೀಮ. ಮಾದ ಗುಡಿಸಲು ಬಿಟ್ಟು ಕೆಳಗಿನ ಕಾಡಿಗೆ ಹೋದನಂತೆ. ಅವ್ವೆ ಮಾರನೆಯ ದಿನ ಬಂದು, ಸಾರಿಸಿದ ನೆಲ ಕಂಡು, ಯಾರು ಸತ್ತರೆಂದು ಕೂಗಿಕೊಂಡಳಂತೆ.

ಇದೆಲ್ಲ ನಂಜಿಗೆ ತಿಳಿದದ್ದು ಆಮೇಲೆ. ಆ ಮಧ್ಯಾಹ್ನ ಅವಳಿಗೆ ಗೊತ್ತಿದ್ದದ್ದು ಇಷ್ಟೇ: ಬಸ್ಸು ಬಂದು ನಿಂತಿದೆ, ಕಂಡಕ್ಟರು ಪೆಟ್ಟಿಗೆಯನ್ನು ಮೇಲೆ ಎಸೆಯಲು ಕೈಚಾಚುತ್ತಿದ್ದಾನೆ. "ಬೇಡ, ಒಡೆಯುವ ಸಾಮಾನು" ಎಂದು ಅವಳು ಅದನ್ನು ತನ್ನ ಕಾಲಡಿಗೆ ಎಳೆದುಕೊಂಡಳು. ಬಸ್ಸು ಕದಲಿದಾಗ ಕಿಟಕಿಯ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಊಟಿ ಬರುವವರೆಗೂ ಬಿಡಲಿಲ್ಲ.